ನಳದ ನೀರು ಮುಟ್ಟದ ಅತ್ತೆ

ನಮ್ಮ ಮನೆಯಲ್ಲಿ ಎಮ್ಮೆಗೂ ಮಡಿ ಇತ್ತು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ! ಆದರೆ ಆ ಎಮ್ಮೆಗೆ ಬಾವಿಯಿಂದ ನೀರು ಸೇದಿ ಸೇದಿ ಬೊಬ್ಬೆ ಎದ್ದ ಕೈ ನನ್ನದು.

ಎಮ್ಮೆಗೆ ಮಡಿ ಹಿಡಿಸಿದವರು ನಮ್ಮ ಯಜಮಾನರ ಸೋದರತ್ತೆ. ಎಳೆ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು, ತಾಯಿ ಇಲ್ಲದ ನಮ್ಮ ಯಜಮಾನರನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು. ಹಾಗಾಗಿ ನನಗೂ ಅತ್ತೆ ಎಂದರೆ ಅವರೇ. ಒಳ್ಳೆಯವರು. ಬಲು ಒಳ್ಳೆಯವರು. ನೀರಿನ ವಿಷಯ ಒಂದು ಬಿಟ್ಟು!

ಕುಮಟೆಯ ನಮ್ಮ ಬೀದಿಗೆ ಮುನಸಿಪಾಲ್ಟಿಯ ನಳ ಬಂದ ಹೊಸದರಲ್ಲಿ ಅತ್ತೆಗೆ ನಮ್ಮೆಲ್ಲರಿಗಿಂತ ಹೆಚ್ಚು ಸಂಭ್ರಮ. ನನ್ನ ಕೈಯಿಂದ ನಳಕ್ಕೆ ಅರಿಶಿನ ಕುಂಕುಮ ಹಚ್ಚಿಸಿ, ತಾವು ದಾಸಾಳದ ಹೂ ಏರಿಸಿ, “ಗಂಗಮ್ಮ ಬಾಗಿಲಿಗೇ ಬಂದ್ಲು” ಎಂದು ಕೈಮುಗಿದರು. ಅದು ಯುದ್ಧದ ಕಾಲ. ಸಕ್ಕರೆಗೆ ರೇಷನ್ನು, ಸೀಮೆಎಣ್ಣೆಗೆ ರೇಷನ್ನು. ಅಂಥದರಲ್ಲಿ ಕೈ ತಿರುಗಿಸಿದರೆ ಸಿಹಿನೀರು! ದೇವರು ಒಂದು ಕೈಯಲ್ಲಿ ಕಿತ್ತುಕೊಂಡರೆ ಇನ್ನೊಂದರಲ್ಲಿ ಕೊಡುತ್ತಾನೆ ಎಂದುಕೊಂಡೆ.

ಸ್ವಲ್ಪ ದಿನಕ್ಕೆ ನಳ ತೊಟ್ಟಿಕ್ಕತೊಡಗಿತು. ರಿಪೇರಿಯವನು ಬಂದು ಬಿಚ್ಚಿದ. ಅತ್ತೆ ಬಗ್ಗಿ ನೋಡಿದರು.

“ಅದೆಂತದಾ, ಕಪ್ಪು ಬಿಲ್ಲೆ?”

“ತೊಗಲಿಂದು ಅಮ್ಮಾ. ಅದಿಲ್ದಿದ್ರೆ ನೀರು ನಿಲ್ಲೂದಿಲ್ಲ.”

ಒಂದು ಸುಳ್ಳು ಹೇಳಬಾರದಿತ್ತೇ, ಪುಣ್ಯಾತ್ಮ! ಅತ್ತೆ ನಿಂತ ಕಾಲಲ್ಲೇ ಬಾವಿಕಟ್ಟೆಗೆ ಹೋಗಿ ಉಟ್ಟ ಸೀರೆಯಲ್ಲೇ ತಲೆಗೆ ನೀರು ಸುರಿದುಕೊಂಡರು. ಅಷ್ಟು ದಿನ ಕುಡಿದಾಗಿದ್ದಕ್ಕೆ ಪಂಚಗವ್ಯ ತೆಗೆದುಕೊಂಡರು. ನನಗೂ ಕುಡಿಸಿದರು!

ನಮ್ಮ ಯಜಮಾನರು ಇಂಗ್ಲಿಷ್ ಶಾಲೆಯ ಮಾಸ್ತರರು. ವಾದಕ್ಕೆ ನಿಂತರು. “ಅತ್ತೆ, ಮೃದಂಗ ತೊಗಲಿಂದೇ ಅಲ್ದಾ? ದೇವರ ಎದುರಿಗೇ ಬಾರಿಸ್ತ್ವಲೆ?”

“ಬಾರಿಸ್ಲಿ. ಆನು ಮೃದಂಗ ಕುಡಿತ್ನಿಲ್ಲೆ!”

ಮಾಸ್ತರರು ಕೊಡೆ ಹಿಡಿದು ಶಾಲೆಗೆ ಹೊರಟರು. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆ.

ಅಂದಿನಿಂದ ಮನೆಯಲ್ಲಿ ಎರಡು ರಾಜ್ಯ. ನಮಗೆ ನಳ, ಅತ್ತೆಗೆ ಬಾವಿ. ಎಮ್ಮೆ ಯಾವ ರಾಜ್ಯದ್ದು? ನಾನು ಯೋಚಿಸದೆ ನಳದ ನೀರಿಟ್ಟೆ. ಅತ್ತೆ ಓಡಿ ಬಂದರು. “ಎಮ್ಮೆ ಕುಡಿದ ನೀರೇ ಹಾಲಾಗ್ತಲ್ದನೇ? ಹಾಲು ಮೊಸರಾಗ್ತು, ಮೊಸರು ಮಜ್ಜಿಗೆ ಆಗ್ತು, ಮಜ್ಜಿಗೆ ಯನ್ನ ಹೊಟ್ಟೆಗೆ ಬತ್ತು!” ಇದಕ್ಕೆ ನೀವೇನು ಉತ್ತರ ಕೊಡುತ್ತೀರಿ? ನಾನು ಹಗ್ಗ ಹಿಡಿದು ಬಾವಿಗೆ ನಡೆದೆ.

ಅಷ್ಟಕ್ಕೇ ನಿಂತಿತೇ! ನೆಂಟರ ಮನೆಗೆ ಪೂಜೆಗೆ ಹೋದಾಗ ಮಜ್ಜಿಗೆ ಬಡಿಸಲು ಬಂದವಳನ್ನು ತಡೆದು, “ನಿಂಗಳ ಎಮ್ಮೆ ಎಂತ ನೀರು ಕುಡಿತು?” ಎಂದು ಕೇಳಿದರು. ಆ ಮನೆಯಾಕೆಯೂ ಬಿಡುವವಳಲ್ಲ. “ಯಮ್ಮನೆ ಎಮ್ಮೆ ಯನ್ನ ಕೇಳ್ಕಂಡು ಕುಡಿತಾ ಅತ್ತಿಗೆ? ಕೊಟ್ಟಿಗೆಗೆ ಹೋಗಿ ಅದನ್ನೇ ಕೇಳು!” ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅತ್ತೆ ಮಜ್ಜಿಗೆಯಿಲ್ಲದೆ ಊಟ ಮುಗಿಸಿ, ನಕ್ಕವರ ಜೊತೆ ತಾವೂ ನಕ್ಕು ಎದ್ದರು.

ಪ್ರಯಾಣಕ್ಕೆ ಹೊರಟರೆ ಮಡಿಲಲ್ಲಿ ಬಾವಿ ನೀರಿನ ತಾಮ್ರದ ತಂಬಿಗೆ. ಒಮ್ಮೆ ಭಟ್ಕಳದ ಕಡೆ ಮದುವೆಗೆಂದು ಹೊನ್ನಾವರದಲ್ಲಿ ಹೊಳೆ ದಾಟುತ್ತಿದ್ದೆವು. ಬಟ್ಟೆ ಕಟ್ಟಿದ ತಂಬಿಗೆಯನ್ನು ಎದೆಗವಚಿಕೊಂಡು ಕೂತ ಮುದುಕಿಯನ್ನು ಕಂಡು ದೋಣಿಯಲ್ಲಿದ್ದ ಒಬ್ಬಾಕೆ, “ಕಾಶಿಗೆ ಹೋಗಿ ಬಂದ್ರಾ ಅಮ್ಮಾ?” ಎಂದು ತಂಬಿಗೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಅವಳನ್ನು ನೋಡಿ ಇನ್ನೊಬ್ಬಳು. ಅತ್ತೆ ಸುಳ್ಳು ಹೇಳುವವರಲ್ಲ. “ಅಲ್ದೇ, ಇದು ಕುಮಟೆ ಬಾವೀದು” ಎಂದರು. ಯಾರೂ ಕೇಳಿಸಿಕೊಳ್ಳಲಿಲ್ಲ. ಆಚೆ ದಡ ಮುಟ್ಟುವಷ್ಟರಲ್ಲಿ ದೋಣಿಯವನೂ ಕೈಮುಗಿದಿದ್ದ!

ಆದರೆ ನಮ್ಮ ಬೀದಿಯ ಹಿಂದೆಯೇ ಹಿನ್ನೀರು. ಬೇಸಿಗೆ ಏರಿದಂತೆ ಬಾವಿಗಳ ನೀರು ತಳಕ್ಕಿಳಿದು ಉಪ್ಪಾಗುತ್ತದೆ. ಅತ್ತೆಗೆ ಅದೂ ದೇವರ ದಯೆ! “ಸಾರಿಗೆ ಉಪ್ಪು ಹಾಕೂದು ಬ್ಯಾಡ ಕೂಸೆ, ದೇವರೇ ಹಾಕಿ ಕಳ್ಸಿದ್ದ” ಎನ್ನುತ್ತಿದ್ದರು.

ಈಗ ಪಾಟಿ ಹಿಡಿದು ಶಾಲೆಗೆ ಹೋಗುವ ನನ್ನ ಮಗಳು ಆಗ ಇನ್ನೂ ತೊದಲುತ್ತಿದ್ದಳು. ಉಣ್ಣುವುದು, ಮಲಗುವುದು ಎಲ್ಲ ಅತ್ತೆಯ ಮಗ್ಗುಲಲ್ಲೇ. ಹಾಗಾಗಿ ನೀರೂ ಅತ್ತೆಯ ತಂಬಿಗೆಯದೇ. ನಾನು ಕದ್ದು ನಳದ ನೀರು ಕೊಟ್ಟರೆ ಅತ್ತೆ ಕಲಿಸಿದ್ದನ್ನೇ ಒಪ್ಪಿಸುತ್ತಿದ್ದಳು. “ಥೂ, ತೊಗಲ ನೀರು!” ಅತ್ತೆಗೆ ಹಿಗ್ಗು. ಬೀದಿಯವರನ್ನೆಲ್ಲ ಕರೆದು ಹೇಳಿಸುತ್ತಿದ್ದರು.

ಆ ವೈಶಾಖದಲ್ಲಿ ಮಗುವಿಗೆ ವಾಂತಿ, ಭೇದಿ ಹಿಡಿಯಿತು. ಒಂದೇ ದಿನಕ್ಕೆ ಕಣ್ಣು ಗುಳಿಬಿತ್ತು, ಅಳಲು ದನಿಯಿಲ್ಲ. ಡಾಕ್ಟರು ಬಂದು ನೋಡಿದರು, ಬಾವಿ ನೀರನ್ನು ನಾಲಿಗೆಗೆ ಹಚ್ಚಿ ಉಗುಳಿದರು.

“ಕಾಯಿಸಿ ಕೊಡ್ತ್ಯ ಡಾಕ್ಟ್ರೆ” ಎಂದರು ಅತ್ತೆ.

“ಕಾಯಿಸಿದ್ರೆ ಉಪ್ಪು ಹೋಗೂದಿಲ್ಲ ಅಜ್ಜಮ್ಮಾ. ಈ ನೀರು ಕೂಡದು. ನಳದ ನೀರು ಕುದಿಸಿ, ಆರಿಸಿ, ಗುಟುಕು ಗುಟುಕಾಗಿ ಕುಡಿಸ್ತಾ ಇರಿ. ಒಳಗೆ ನೀರು ಹೋಗದಿದ್ರೆ ನನ್ನ ಔಷಧದಿಂದ ಎಂತ ಆಗೂದಿಲ್ಲ.”

ನಳದ ನೀರು ಕುದಿಸಿದೆ, ಆರಿಸಿದೆ, ಲೋಟ ತುಟಿಗಿಟ್ಟೆ. ಮಗು ಹಲ್ಲು ಕಚ್ಚಿ ಮುಖ ತಿರುಗಿಸಿತು. ಬೆಲ್ಲ ತೋರಿಸಿದೆ. ಅವರಪ್ಪ ಗದರಿದರು, ಆಮೇಲೆ ಬೇಡಿಕೊಂಡರು. ಊಹೂಂ! ಕಡೆಗೆ ಒಂದು ಸಣ್ಣ ದನಿ ಬಂತು. “ಅಜ್ಜಿ ಕುಡಿತಿಲ್ಲೆ. ಯಂಗೂ ಬ್ಯಾಡ.”

ಯಾರೂ ಅತ್ತೆಯ ಕಡೆ ನೋಡಲಿಲ್ಲ. ನೋಡುವ ಧೈರ್ಯ ನಮಗೆಲ್ಲಿ? ಅವರು ಹೊಸ್ತಿಲ ಹತ್ತಿರ ಜಪಮಣಿ ಹಿಡಿದು ಕೂತಿದ್ದರು. ಮಣಿ ತಿರುಗುವುದು ನಿಂತಿತು. ಅದನ್ನು ದೇವರ ಮುಂದಿಟ್ಟು, ನಮಸ್ಕಾರ ಮಾಡಿ ಬಂದು, ನನ್ನ ಕೈಯಿಂದ ಲೋಟ ತೆಗೆದುಕೊಂಡರು. ಚೆಲ್ಲಿಬಿಡುತ್ತಾರೆ ಎಂದೇ ನಾನು ತಿಳಿದೆ.

ಲೋಟವನ್ನು ಮೇಲೆತ್ತಿ, ತುಟಿಗೆ ತಾಗಿಸದೆ ಒಂದಿಷ್ಟು ಬಾಯಿಗೆ ಸುರಿದುಕೊಂಡರು. ಮಗು ಕಣ್ಣು ಕಿರಿದು ಮಾಡಿ ನೋಡಿ, “ಸುಳ್ಳು” ಎಂದಿತು. ಆಗ ಅತ್ತೆ ಅದರ ಪಕ್ಕದಲ್ಲೇ ಕೂತು, ನಾನು ಎಂದೂ ಕಾಣದ ಹಾಗೆ, ಲೋಟಕ್ಕೆ ತುಟಿ ಹಚ್ಚಿ ಒಂದು ಗುಟುಕು ಕುಡಿದರು. ಕಣ್ಣು ಮುಚ್ಚಲಿಲ್ಲ, ಮಗುವಿನ ಮುಖವನ್ನೇ ನೋಡುತ್ತಿದ್ದರು.

“ಸೀ ಇದ್ದು ಕೂಸೆ. ನೋಡು, ಅಜ್ಜಿ ಕುಡಿದ್ದು.”

ಮಗು ಬಾಯಿ ತೆರೆಯಿತು. ಒಂದು ಗುಟುಕು ಅದಕ್ಕೆ, ಒಂದು ಗುಟುಕು ಅಜ್ಜಿಗೆ, ಅದೇ ಲೋಟ, ಅದೇ ಎಂಜಲು. ತಳ ಕಂಡಾಗ ಅತ್ತೆ ತಿರುಗದೆಯೇ ಖಾಲಿ ಲೋಟವನ್ನು ನನ್ನತ್ತ ಚಾಚಿದರು.

“ಇನ್ನಷ್ಟು ತಗಬಾರೆ. ಬೇಗ.”

ಆರಿಸಿಟ್ಟಿದ್ದ ನೀರನ್ನು ಲೋಟಕ್ಕೆ ತುಂಬಿಕೊಟ್ಟು, ಇನ್ನಷ್ಟು ಕುದಿಸಲೆಂದು ನಾನು ಕೊಡ ಎತ್ತಿಕೊಂಡು ನಳಕ್ಕೆ ಓಡಿದೆ.