ಬೀಗರು ಓದುವ ಪುಸ್ತಕ

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಮರ್ಯಾದೆಯ ಕಾರಣ ಬೇಕು. ಪಕ್ಕದ ಮನೆಯವರ ಕಾರು, ಆಫೀಸಿನವನ ಬಡ್ತಿ, ತಮ್ಮನ ತಲೆಗೂದಲು ಇಂಥವುಗಳಿಗೆ ಕರುಬಿದರೆ ಜನ ಅರ್ಥ ಮಾಡಿಕೊಳ್ಳುತ್ತಾರೆ. ನಿವೃತ್ತ ಹಲ್ಲಿನ ಡಾಕ್ಟರೊಬ್ಬರು ಅಂತರಿಕ್ಷದ ಪ್ರೇಮಕಥೆ ಓದುತ್ತಾರೆಂದು ಕರುಬಿದರೆ ಯಾರ ಹತ್ತಿರ ಹೇಳಿಕೊಳ್ಳುವುದು?

ಆ ಡಾಕ್ಟರು, ಯೋರನ್, ನಮ್ಮ ಬೀಗರು. ಸ್ವೀಡನ್ನಿನ ಉತ್ತರದ ಉಮೆಯೊದಲ್ಲಿ ಓದುತ್ತಿರುವ ನಮ್ಮ ಮಗಳು ಮೇಧಾ ಅವರ ಮಗಳು ಎಲಿನ್ ಜೊತೆ ಸಂಸಾರ ಹೂಡಿದ್ದಾಳೆ. ಮದುವೆ ಆಗಿಲ್ಲ, ಆದರೂ ಬೀಗರೆನ್ನದೆ ಇನ್ನೇನೆನ್ನಲಿ? ಇದನ್ನು ಅರಗಿಸಿಕೊಳ್ಳಲು ನನಗೂ ಹೆಂಡತಿ ಸುಮಾಗೂ ಒಂದಷ್ಟು ಕಾಲ ಹಿಡಿಯಿತು, ನಿಜ. ಈಗ ಎಲಿನ್ ಸೊಲ್ಲೆಂಟುನಾದ ನಮ್ಮ ಮನೆಗೆ ಬಂದರೆ ಕಾವಲಿಯ ಮೇಲಿನ ಮೊದಲ ದೋಸೆ ಅವಳಿಗೇ. ತೊಂದರೆ ಇರುವುದು ಅವಳಪ್ಪನದು. ಈ ಹುಡುಗಿಯರು ತಮ್ಮ ಮನೆಯಲ್ಲೇ ಒಂದು ಓದುಗರ ಕೂಟ ನಡೆಸುತ್ತಾರೆ. ಹೆಣ್ಣು ಹೆಣ್ಣನ್ನು, ಗಂಡು ಗಂಡನ್ನು ಪ್ರೀತಿಸುವ, ಗಂಡೂ ಹೆಣ್ಣೂ ಅಲ್ಲದವರು ನೌಕೆ ನಡೆಸುವ ಕಥೆಗಳನ್ನಷ್ಟೇ ಓದಿ ಚರ್ಚಿಸುವ ಕ್ವಿಯರ್ ಕೂಟ ಅದು. ಯೋರನ್ ಅದಕ್ಕೆ ಸೇರಿಕೊಂಡರು. ಅಂದಿನಿಂದ ಮೇಧಾಳ ಫೋನೆಂದರೆ ಅವರ ಗುಣಗಾನ. "ಯೋರನ್ ಏನ್ ಕ್ವೆಶ್ಚನ್ ಕೇಳಿದ್ರು ಗೊತ್ತಾ ಅಪ್ಪಾ? ಸೋ ಸೆನ್ಸಿಟಿವ್." ಹಾರುವ ಕುದುರೆ, ಏಳು ತಲೆಯ ರಾಕ್ಷಸ ಅಂತ ಕಥೆ ಕಟ್ಟಿ ಕಟ್ಟಿ ಇವಳನ್ನು ಮಲಗಿಸಿದವನು ನಾನು. ಹೆಸರು ಮಾತ್ರ ಹಲ್ಲಿನ ಡಾಕ್ಟರಿಗೆ.

ಮುಂದಿನ ಕೂಟಕ್ಕೆ ನಾವೂ ಬರುತ್ತೇವೆಂದುಬಿಟ್ಟೆ. ಪುಸ್ತಕ ತರಿಸಿಕೊಂಡು, ಪರೀಕ್ಷೆಗೆ ಕೂತವನಂತೆ ಓದಿದೆ. ಇಬ್ಬರು ಹೆಂಗಸರು ನೌಕೆಯಲ್ಲಿ ನಕ್ಷತ್ರದಿಂದ ನಕ್ಷತ್ರಕ್ಕೆ ಅಲೆಯುವ ಕಥೆ. ಅವರ ಕ್ಯಾಪ್ಟನ್ ಗಂಡೋ ಹೆಣ್ಣೋ ಕೊನೆಯ ಪುಟದವರೆಗೂ ತಿಳಿಯುವುದಿಲ್ಲ. ಅಲ್ಲಿ ನನ್ನ ಬ್ರಹ್ಮಾಸ್ತ್ರ ಸಿಕ್ಕಿತು. ಗಂಡೆನ್ನದೆ, ಹೆಣ್ಣೆನ್ನದೆ ಎಲ್ಲರಿಗೂ ಸಲ್ಲುವ 'ಹೆನ್' ಎಂಬ ಹೊಸ ಪದದ ಬಗ್ಗೆ ಸ್ವೀಡನ್ನಿನ ಪತ್ರಿಕೆಗಳು ಆಗ ಜಗಳವಾಡುತ್ತಿದ್ದವು. ನಮ್ಮಲ್ಲಿ 'ಅವರು' ಇದೆಯಲ್ಲ! ನನ್ನಜ್ಜಿ ಜೀವಮಾನವಿಡೀ ಅಜ್ಜನನ್ನು ಕರೆದದ್ದು ಅದೊಂದೇ ಪದದಿಂದ. ಇದನ್ನು ಸಭೆಯಲ್ಲಿ ಹೇಳಬೇಕು, ಮಗಳು ಬೆರಗಾಗಬೇಕು. ರೈಲಿನಲ್ಲಿ ಉಮೆಯೊವರೆಗೂ ಸುಮಾಗೆ ಇಡೀ ಕಥೆ ಹೇಳಿದೆ. ಅವಳು ಕಿತ್ತಳೆ ಸುಲಿಯುತ್ತ, ಆಫೀಸಿನ ಇಮೇಲ್ ನೋಡುತ್ತ, ಹ್ಞೂಂಗುಟ್ಟಿದಳು.

ಕೂಟದಲ್ಲಿ ಹತ್ತಾರು ಜನ ಹುಡುಗ ಹುಡುಗಿಯರು, ಕಾಫಿ, ದಾಲ್ಚಿನ್ನಿ ಬನ್ನು. ಕ್ಯಾಪ್ಟನ್ ವಿಷಯ ಬಂತು. ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಯೋರನ್ ಕನ್ನಡಕ ಏರಿಸಿ, "ಕನ್ನಡದಲ್ಲಿ ಇದಕ್ಕೆ ಬಹಳ ಸುಂದರವಾದ ಪದವಿದೆ, ಅವಾರು," ಎಂದು ಇಂಗ್ಲಿಷಿನಲ್ಲಿ ಶುರುಮಾಡಿದರು. ಮೇಧಾ ನಗುತ್ತ, "ಅವಾರು ಅಲ್ಲ ಯೋರನ್, ಅವರು," ಎಂದು ಅಕ್ಕರೆಯಿಂದ ತಿದ್ದಿದಳು. ನನ್ನ ಭಾಷೆ, ನನ್ನ ಅಜ್ಜಿ, ನನ್ನ ಮಗಳು, ಮೂರನ್ನೂ ಒಂದೇ ಏಟಿಗೆ ಕಿತ್ತರು. ಹಲ್ಲು ಕೀಳುವ ಅಭ್ಯಾಸವಿದ್ದವರು. ಎಲ್ಲರೂ ಆ ಪದವನ್ನು ಬಾಯಲ್ಲಿ ಹೊರಳಿಸಿ ನೋಡುತ್ತಿದ್ದರು. "ನೀವೇನಾದರೂ ಸೇರಿಸುತ್ತೀರಾ?" ಎಂದು ಯೋರನ್ ಕೇಳಿದರು. ಏನು ಸೇರಿಸಲಿ? ಬನ್ನು ತಿಂದೆ.

ಆಗ ಸುಮಾ ಬಾಯಿಬಿಟ್ಟಳು. "ನಾನು ಓದಿಲ್ಲ, ಇವರು ಹೇಳಿದ್ದನ್ನ ಕೇಳಿದ್ದು ಅಷ್ಟೇ," ಎಂದು ಮೊದಲೇ ಹೇಳಿಕೊಂಡು ಒಂದು ಪ್ರಶ್ನೆ ಹಾಕಿದಳು. ಆ ಇಬ್ಬರು ಹೆಂಗಸರಲ್ಲಿ ಒಬ್ಬಳ ಅಪ್ಪ ಅಮ್ಮ ಸತ್ತಿದ್ದಾರೆ, ಇನ್ನೊಬ್ಬಳ ಮನೆಯವರು ಅವಳನ್ನು ಹೊರಗೆ ಹಾಕಿದ್ದಾರೆ. ಇಷ್ಟೊಂದು ಗ್ರಹಗಳಿವೆಯಲ್ಲ, ಊಟಕ್ಕೆ ಬನ್ನಿ ಎಂದು ಕರೆಯುವ ಅಪ್ಪ ಅಮ್ಮ ಒಂದರಲ್ಲೂ ಇಲ್ಲವೇ?

ಮೂಲೆಯಲ್ಲಿದ್ದ ಹುಡುಗನೊಬ್ಬ, ತನ್ನ ಮನೆಯವರು ಕ್ರಿಸ್‌ಮಸ್‌ಗೂ ಕರೆಯುವುದಿಲ್ಲ, ಅದಕ್ಕೇ ಇಂಥ ಕಥೆಗಳಲ್ಲಿ ಅನಾಥರಿದ್ದರೆ ತನಗೆ ನೆಮ್ಮದಿ ಎಂದ. ಇನ್ನೊಬ್ಬಳು, ನನಗೆ ಕರೆಯುವವರ ಕಥೆಯೇ ಬೇಕು ಎಂದಳು. ಆಮೇಲೆ ಮಾತು ನಿಲ್ಲಲೇ ಇಲ್ಲ. ಮೇಧಾ ಅಮ್ಮನ ಪಕ್ಕಕ್ಕೆ ಸರಿದು ಕೂತು ಭುಜಕ್ಕೆ ತಲೆಯಿಟ್ಟಳು. ಸುಮಾ ಆ ಹುಡುಗನ ಕಡೆ ಬನ್ನಿನ ತಟ್ಟೆ ತಳ್ಳಿ, ಕ್ರಿಸ್‌ಮಸ್‌ಗೆ ಸೊಲ್ಲೆಂಟುನಾಕ್ಕೆ ಬಾ ಎಂದಳು. ಮುಂದಿನ ತಿಂಗಳ ಚರ್ಚೆ ಅವಳೇ ನಡೆಸಬೇಕೆಂದು ಅಲ್ಲೇ ತೀರ್ಮಾನವಾಯಿತು. ಪುಸ್ತಕ ಓದಿದವನು ನಾನು, ಕಥೆ ಹೇಳಿದವನು ನಾನು. ಹೊಟ್ಟೆಕಿಚ್ಚು ಹಲ್ಲಿನ ಡಾಕ್ಟರನ್ನು ಬಿಟ್ಟು ಕೈಹಿಡಿದವಳ ಕಡೆಗೆ ತಿರುಗಿತು.

ಉಳಿದ ನಾವಿಬ್ಬರು ಅಪ್ಪಂದಿರು ಅಡುಗೆಮನೆಯಲ್ಲಿ ಕಪ್ಪು ತೊಳೆಯಲು ನಿಂತೆವು. ಯೋರನ್ ಒರೆಸುತ್ತ, "ಸುಮಾ ಯಾವಾಗಲೂ ಹೀಗೇನಾ?" ಎಂದರು. ದನಿಯಲ್ಲಿ ಕೊಂಚ ಹುಳಿಯಿತ್ತು; ನನಗೆ ಹಿತವೆನಿಸಿತು. ಅಷ್ಟರಲ್ಲಿ ಮೇಧಾ ಒಳಗೆ ಬಂದಳು.

"ಯಾಕಪ್ಪಾ, ನೀನೇನೂ ಮಾತಾಡ್ಲೇ ಇಲ್ಲ?"

"ಕೇಳಿಸ್ಕೋತಿದ್ದೆ."

"ಅಮ್ಮ ಹೇಳಿದ್ಲು, ಕಥೆ ಹೇಳ್ತಾ ಹೇಳ್ತಾ ಟ್ರೈನಲ್ಲಿ ಅತ್ಬಿಟ್ಯಂತೆ. ಆ ಹುಡುಗೀನ ಮನೆಯಿಂದ ಹೊರಗೆ ಹಾಕೋ ಚಾಪ್ಟರಲ್ಲಿ."

"ಕಿತ್ತಳೆ ಸಿಪ್ಪೆ ರಸ ಕಣ್ಣಿಗೆ ಹಾರಿತ್ತು," ಎಂದೆ.

ಅವಳು ನನ್ನನ್ನು ಗಟ್ಟಿಯಾಗಿ ತಬ್ಬಿಕೊಂಡಳು. ನಾನೂ ಸೋಪಿನ ಕೈಯಲ್ಲೇ ತಬ್ಬಿಕೊಂಡೆ. ಯೋರನ್ ಆ ಕಡೆ ತಿರುಗಿ ಕಪ್ಪುಗಳನ್ನು ಕಪಾಟಿಗೆ ಸೇರಿಸುತ್ತಿದ್ದರು. ಅವರು ಇತ್ತ ತಿರುಗಿ ನೋಡುವವರೆಗೂ ನಾನು ಅವಳನ್ನು ಬಿಡಲಿಲ್ಲ.