ಏಣಿಯ ಮೇಲಿರುವ ನಾಯಕರಿಗೆ ಬೀಗದಂಗಡಿಯಿಂದ

ಮಾನ್ಯರೇ,

ಹಾಲಿವುಡ್ಡಿನ ಹಳೆಯ ಪೋಲಿ ಹಾಸ್ಯಚಿತ್ರವೊಂದರಲ್ಲಿ, ನರ್ಸುಗಳ ಹಾಸ್ಟೆಲಿನ ಸ್ನಾನದಮನೆಯ ಕಿಟಕಿಗೆ ಏಣಿ ಹಾಕಿಕೊಂಡು ನಲವತ್ತು ವರ್ಷಗಳಿಂದ ಇಣುಕುತ್ತಲೇ ನಿಂತಿರುವ ನಾಯಕಮಹಾಶಯರಾದ ತಮಗೆ, ಬೀಗ ರಿಪೇರಿಯಿಂದ ಹೊಟ್ಟೆ ಹೊರೆಯುವ ಈ ಹೆಂಗಸಿನ ಸಾಷ್ಟಾಂಗ ನಮಸ್ಕಾರಗಳು. ತಮ್ಮ ಕಾಲಿಗೆ ಜೋಮು ಹಿಡಿದಿರಬಹುದೆಂಬ ಕಾಳಜಿಯಿಂದಲೇ ಬರೆಯುತ್ತಿದ್ದೇನೆ.

ವಿಷಯವೇನೆಂದರೆ, ನಮ್ಮ ಬೀದಿಯ ದರ್ಜಿಯವರು ನನ್ನನ್ನು ಮದುವೆಯಾಗುವಿರಾ ಎಂದು ಕೇಳಿದ್ದರು. ಯೋಚಿಸಿ ಹೇಳುತ್ತೇನೆಂದೆ. ಯೋಚನೆಗೆ ಅನುಕೂಲವಾಗಲೆಂದು ಅವರು ಭಾನುವಾರ ಮಧ್ಯಾಹ್ನ ನನ್ನನ್ನೂ ಅಕ್ಕನನ್ನೂ ಮನೆಗೆ ಕರೆದು, ಕಾಲೇಜು ದಿನಗಳಲ್ಲಿ ಗೆಳೆಯರೊಂದಿಗೆ ನೋಡಿ ಬಿದ್ದು ಬಿದ್ದು ನಕ್ಕಿದ್ದೆನೆಂದು ಹೆಮ್ಮೆಯಿಂದ ಈ ಚಿತ್ರವನ್ನೇ ಹಾಕಿದರು.

ತಮ್ಮ ಸಾಹಸಗಳನ್ನು ಎಷ್ಟು ಹೊಗಳಿದರೂ ಸಾಲದು. ಕದ್ದ ಡಾಕ್ಟರ್ ಕೋಟು ತೊಟ್ಟು ಕಂಡ ಕಂಡ ಕೋಣೆಗೆ ನುಗ್ಗಿದಿರಿ, ತಮ್ಮ ನಾಯಕಿಯಾದ ಆ ನರ್ಸು ಬೇಡವೆಂದಾಗಲೆಲ್ಲ ಹಿನ್ನೆಲೆಯಲ್ಲಿ ತುತ್ತೂರಿ ಊದಿಸಿದಿರಿ, ಇಡೀ ಹಾಸ್ಟೆಲಿನಲ್ಲಿ ಒಂದೇ ಒಂದು ಬಾಗಿಲಿಗೂ ಚಿಲಕವಿಲ್ಲದಂತೆ ನೋಡಿಕೊಂಡು ನನ್ನ ಕಸುಬಿನ ಹೊಟ್ಟೆಯ ಮೇಲೇ ಹೊಡೆದಿರಿ. ಸುಳ್ಳು ಹೇಳಲಾರೆ, ಪ್ಯಾಂಟು ಬೇಲಿಗೆ ಸಿಕ್ಕಿ, ಆಸ್ಪತ್ರೆಯ ಮುಖ್ಯಸ್ಥರ ಮುಂದೆ ಚಡ್ಡಿಯಲ್ಲೇ ತಾವು ಗಂಭೀರವಾಗಿ ಭಾಷಣ ಮಾಡಿದಾಗ ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ತಮ್ಮ ಮಾನ ಹೋದ ಜೋಕುಗಳೆಲ್ಲ ಇನ್ನೂ ತಾಜಾ ಇವೆ, ಆಕೆಯ ಮಾನ ತೆಗೆದವು ಮಾತ್ರ ಹಳಸಿವೆ. ಅಕ್ಕನಂತೂ ಬೇಲಿಯ ದೃಶ್ಯವನ್ನು ಮತ್ತೆ ಹಾಕಿಸಿದಳು.

ಆಮೇಲೆ ಏಣಿ ಬಂತು. ನಾನು ಟೀವಿ ಬಿಟ್ಟು ದರ್ಜಿಯವರ ಮುಖವನ್ನೇ ನೋಡುತ್ತ ಕುಳಿತೆ. ಇಲ್ಲಿ ನಕ್ಕರೆ ಮದುವೆ ಬೇಡವೆಂದು ಹೇಳಿ ಎದ್ದುಹೋಗುವುದೆಂದು ತೀರ್ಮಾನಿಸಿದ್ದೆ. ನಗದಿರಲಿ ದೇವರೇ ಎಂದು ಒಳಗೊಳಗೇ ಬೇಡಿಕೊಳ್ಳುತ್ತಲೂ ಇದ್ದೆ, ಏಕೆಂದರೆ ಆ ಮನುಷ್ಯ ನನಗೆ ತುಂಬಾ ಇಷ್ಟ. ಅವರು ನಗಲೆಂದು ಬಾಯಿ ತೆರೆದರು. ತೆರೆದ ಬಾಯಿ ಹಾಗೇ ಉಳಿದು, ಕಿವಿ ಕೆಂಪಾಯಿತು. “ಅಯ್ಯೋ, ಇದು ಹಿಂಗಿತ್ತಾ? ಆಗ ಬರೀ ಅವನನ್ನೇ ನೋಡ್ತಿದ್ದೆ ಕಣ್ರೀ, ಅವಳ ಮುಖ ನೋಡೇ ಇರ್ಲಿಲ್ಲ,” ಎಂದರು. ಅಕ್ಕ ನನ್ನ ತೊಡೆ ಚಿವುಟಿದಳು. ನಾನು ಅಲ್ಲೇ ಒಪ್ಪಿಕೊಂಡುಬಿಟ್ಟೆ.

ಹೀಗೆ ನನ್ನ ಮದುವೆ ಕುದುರಿಸಿಕೊಟ್ಟ ಮಹಾನುಭಾವರಲ್ಲಿ ಒಂದೇ ಬಿನ್ನಹ: ದಯಮಾಡಿ ಇಳಿದು ಬನ್ನಿ, ಏಣಿಯನ್ನು ಗೋಡೆಗೆ ಬಣ್ಣ ಬಳಿಯುವವರಿಗೆ ಕೊಟ್ಟುಬಿಡಿ, ಇನ್ನು ನಲವತ್ತು ವರ್ಷ ಆ ಕಡೆ ತಿರುಗಿ ನಿಂತು ಆಕೆ ಹೇಳುವ ಜೋಕುಗಳಿಗೆ ನಗುತ್ತಿರಿ.

ತಾವು ಕೆಳಗಿಳಿದ ಮೇಲೆ
ತಮ್ಮ ವಿಶ್ವಾಸಿ,
ಬೀಗದಂಗಡಿಯವಳು

ತಾ.ಕ.: ತಮ್ಮ ನಾಯಕಿಗೆ ಮದುವೆಯ ಕರೆಯೋಲೆ ಕಳಿಸೋಣವೆಂದರೆ, ಇಡೀ ಚಿತ್ರದಲ್ಲಿ ಯಾರೂ ಆಕೆಯ ಹೆಸರು ಹೇಳಿಲ್ಲ. ಕೊನೆಯ ದೃಶ್ಯದಲ್ಲಿ ಆಕೆಯನ್ನು ಮದುವೆಯಾದ ತಮಗೇನಾದರೂ ಗೊತ್ತಿದ್ದರೆ ತಿಳಿಸಿ.