ಅಯಸ್ಕಾಂತಕ್ಕೆ ಅಂಟದ ಕಬ್ಬಿಣ

ಅಚ್ಚಿನ ಮನೆಯಲ್ಲಿ ಕರಡು ತಿದ್ದುವ ಆ ಮಹಾಶಯರನ್ನು ಜೊತೆಯವರು ‘ಅಲ್ಪವಿರಾಮ’ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷ ತಪ್ಪು ಹುಡುಕಿ ಹುಡುಕಿ, ಅಚ್ಚಾದ ಯಾವುದನ್ನೂ ನಂಬದ ಸ್ಥಿತಿಗೆ ಅವರು ಬಂದಿದ್ದರು. ಹೀಗಿರುವಾಗ ಒಂದು ದಿನ ಹೊಲಿಗೆ ಯಂತ್ರದ ಮುಂದೆ ಕೂತಲ್ಲೇ ಅವರ ಹೆಂಡತಿಗೆ ಕಣ್ಣು ಕತ್ತಲಿಟ್ಟಿತು. ಡಾಕ್ಟರಮ್ಮ ರಕ್ತ ನೋಡಿ, ಕಬ್ಬಿಣದ ಅಂಶ ಸಾಲದು, ದಿನಕ್ಕೊಂದು ಕ್ಯಾಪ್ಸೂಲ್ ನುಂಗಿ ತಿಂಗಳು ಬಿಟ್ಟು ಬನ್ನಿ ಅಂದರು.

ಡಬ್ಬಿ ಮನೆಗೆ ಬಂದದ್ದೇ ತಡ, ಅಲ್ಪವಿರಾಮದವರು ಕನ್ನಡಕ ಏರಿಸಿ ಲೇಬಲ್ ಓದಿದರು. ಮೊದಲ ಸಾಲಿನಲ್ಲೇ ‘ಪೋಷಕಾಂಶ’ ಹೋಗಿ ‘ಪೋಶಕಾಂಷ’ ಆಗಿತ್ತು.

“ಷಕಾರ ನೆಟ್ಟಗೆ ಹಾಕದವರು ಕಬ್ಬಿಣ ಹಾಕಿರ್ತಾರಾ? ಸಂಜೆಯೊಳಗೆ ಇದರ ಬಂಡವಾಳ ಬಯಲು ಮಾಡ್ತೀನಿ, ನೋಡ್ತಿರು. ಅಲ್ಲೀತನಕ ಒಂದನ್ನೂ ಮುಟ್ಟಬೇಡ,” ಎಂದು ಘೋಷಿಸಿ, ಹೆಂಡತಿ ಗುಂಡುಸೂಜಿ ಹೆಕ್ಕಲು ಇಟ್ಟುಕೊಂಡಿದ್ದ ಅಯಸ್ಕಾಂತವನ್ನೇ ಎತ್ತಿಕೊಂಡರು.

ಹಳೇ ಪೇಪರಿನ ಮೇಲೆ ನಾಲ್ಕು ಕ್ಯಾಪ್ಸೂಲ್ ಒಡೆದರು. ಅಯಸ್ಕಾಂತ ಎಷ್ಟು ಆಡಿಸಿದರೂ ಕಂದು ಪುಡಿ ಮುನಿಸಿಕೊಂಡವರ ಹಾಗೆ ಬಿದ್ದೇ ಇತ್ತು. ಮೋಸ ಸಾಬೀತಾಯಿತೆಂದು ಬೀಗಿ ಇನ್ನೊಂದು ಕಂಪನಿಯದು ತಂದರು. ಅದೂ ಜಪ್ಪಯ್ಯ ಅನ್ನಲಿಲ್ಲ. ಮೂರನೆಯದು ಮಾತ್ರ ಚಂಗನೆ ಹಾರಿ ಅಂಟಿಕೊಂಡಿತು. ಕಬ್ಬಿಣ ಇಲ್ಲವಲ್ಲ ಎಂದು ಕೊರಗುತ್ತಿದ್ದವರಿಗೆ, ಹೆಂಡತಿಯ ಹೊಟ್ಟೆಗೆ ನಿಜವಾದ ಕಬ್ಬಿಣವೇ ಹೋಗಿಬಿಟ್ಟರೆ ಏನು ಗತಿ ಎಂಬ ಹೊಸ ಚಿಂತೆ ಹತ್ತಿತು.

ಮೂರೂ ಡಬ್ಬಿ ಹೊತ್ತು ಔಷಧಿ ಅಂಗಡಿಗೆ ಓಡಿದರು. ಅಂಗಡಿಯಾಕೆ ಸಮಾಧಾನವಾಗಿ ತಿಳಿಸಿಕೊಟ್ಟರು: ಕಬ್ಬಿಣ ಲವಣದ ರೂಪದಲ್ಲಿದ್ದರೆ ಅಂಟುವುದಿಲ್ಲ, ಲೋಹದ ನುಣ್ಣನೆ ಪುಡಿಯಾಗಿದ್ದರೆ ಅಂಟುತ್ತದೆ, ಎರಡನ್ನೂ ಮಾತ್ರೆಗೆ ಬಳಸುತ್ತಾರೆ.

“ಅಂದರೆ ಅಂಟಿದರೂ ಸರಿ, ಅಂಟದಿದ್ದರೂ ಸರಿ?”

“ಹೌದು ಸಾರ್.”

“ಒಳಗೆ ಏನೂ ಇಲ್ಲದೇ ಇದ್ದರೆ?”

“ಆಗಲೂ ಅಂಟಲ್ಲ.”

ವಿಷಯ ಅಕ್ಷರಶಃ ಕಬ್ಬಿಣದ ಕಡಲೆಯಾಯಿತು. ‘ಸಂಜೆಯೊಳಗೆ’ ಅಂದದ್ದು ವಾರಗಟ್ಟಲೆ ಎಳೆಯಿತು. ಯಾವುದನ್ನು ನುಂಗು ಎನ್ನುವುದು, ಯಾವುದನ್ನು ಬೇಡ ಎನ್ನುವುದು? ಹೆಂಡತಿ ಸೂಜಿಗೆ ದಾರ ಪೋಣಿಸಲು ತಡಮಾಡಿದರೂ ಅವರ ಜೀವ ಹಾರುತ್ತಿತ್ತು. ತಾನೇ ಮದ್ದು ತಪ್ಪಿಸಿದೆನಲ್ಲ ಎಂಬ ಅಳುಕು. ತಪ್ಪಿಸಿದ್ದು ಮದ್ದೋ ಬರೀ ಮಣ್ಣೋ ಎಂಬ ಗೊಂದಲ.

ತಿಂಗಳಾದ ಮೇಲೆ ಇಬ್ಬರೂ ರಕ್ತ ಕೊಟ್ಟರು. ಹೋಲಿಸಿ ನೋಡಲು ಒಂದು ತಪ್ಪಿಲ್ಲದ ಪ್ರತಿ ಬೇಕಲ್ಲ ಎಂದು ಅವರೂ ತೋಳು ಚಾಚಿದ್ದರು. ಮರುದಿನ ಡಾಕ್ಟರಮ್ಮ ಹಾಳೆಗಳನ್ನು ನೋಡಿ ನಕ್ಕರು. ಹೆಂಡತಿಯ ಹಿಮೋಗ್ಲೋಬಿನ್ ಒಂಬತ್ತರಿಂದ ಹನ್ನೊಂದಕ್ಕೆ ಏರಿತ್ತು.

“ಅದು ಹೇಗೆ? ಇವಳು ಒಂದನ್ನೂ ನುಂಗಿಲ್ಲ,” ಎಂದರು ಅಲ್ಪವಿರಾಮದವರು.

ಹೆಂಡತಿ ಸೆರಗು ಸರಿಮಾಡಿಕೊಂಡಳು. ಇವರು ಅಯಸ್ಕಾಂತ ಎತ್ತಿಕೊಂಡು ಪೇಪರ್ ಹುಡುಕಲು ಹೋದಾಗಲೇ ಮುಕ್ಕಾಲು ಡಬ್ಬಿಯನ್ನು ಅಂಗಿ ಗುಂಡಿಗಳ ಪೆಟ್ಟಿಗೆಗೆ ಸುರಿದುಕೊಂಡು, ದಿನಾ ಒಂದೊಂದು ನುಂಗಿದ್ದಾಗಿ ಹೇಳಿದಳು.

ಡಾಕ್ಟರಮ್ಮ ಎರಡನೇ ಹಾಳೆ ತಿರುಗಿಸಿದರು. ತಪ್ಪಿಲ್ಲದ ಪ್ರತಿಯ ರಕ್ತ ಹತ್ತೂ ಮುಟ್ಟಿರಲಿಲ್ಲ. ಯಾಕೆಂದು ಪತ್ತೆ ಮಾಡಲು ಇನ್ನೆರಡು ಪರೀಕ್ಷೆ, ಜೊತೆಗೆ ಅದೇ ‘ಪೋಶಕಾಂಷ’ ಬರೆದುಕೊಟ್ಟರು.

ಮನೆಗೆ ಬಂದು ಅವರು ಕ್ಯಾಪ್ಸೂಲನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸತೊಡಗಿದರು. ಹೆಂಡತಿ ನೀರಿನ ಲೋಟ ತಂದು ಎದುರಿಗೆ ನಿಂತಳು.

“ರೀ, ಅದು ಓದೋಕಲ್ಲ. ಬಾಯಿ ತೆಗೀರಿ.”